ಮಾಡೆಲ್ ವಿಮಾನದ ಕ್ಯಾನೊಪಿಗೆ ಅಂಟೋ, ಮ್ಯಾಗ್ನೆಟ್ಟೋ?
ಕ್ಯಾನೊಪಿ ಅಂದರೆ ಪೈಲಟ್ ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳ. ಬ್ಯಾಟರಿ ಅದರ ಕೆಳಗೇ ಇದೆಯಾ? ಹಾಗಿದ್ದರೆ ಆಗಾಗ ತೆರೆಯಬೇಕು, ಅಂಟಿನ ಮಾತೇ ಬೇಡ. ಹಿಂದೆ ಎರಡು ಮ್ಯಾಗ್ನೆಟ್, ಮುಂದೆ ಸಿಕ್ಕಿಸಲು ಒಂದು ಸಣ್ಣ ಕಡ್ಡಿ ಇಡಿ.

ಬರೀ ಅಂದಕ್ಕಾದರೆ ಅಂಟಿಸಿ. ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ನಿಜ. ಆದರೆ ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಒಳಗಿನ ಪೈಲಟ್ ಗೊಂಬೆಗೆ ಕಣ್ಣಿನ ಪೊರೆ ಬಂದಂತೆ ಕಾಣುತ್ತದೆ! ಇದಕ್ಕೆಂದೇ ಇರುವ ಕ್ಯಾನೊಪಿ ಗ್ಲೂ ಹಚ್ಚುವಾಗ ಹಾಲಿನ ಬಣ್ಣ, ಒಣಗಿದ ಮೇಲೆ ಗಾಜಿನಷ್ಟು ತಿಳಿ. ಸ್ವಲ್ಪ ಬಳುಕುತ್ತದೆ ಕೂಡ. ನಮ್ಮ ಕಲಬುರಗಿಗೆ ಇದೇ ಮುಖ್ಯ, ಅಲ್ವಾ? ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ ಹಿಗ್ಗುತ್ತದೆ, ಗಡಸು ಅಂಟು ಬಿಟ್ಟುಕೊಳ್ಳಬಹುದು. ಟೇಪ್ ಸುತ್ತಿ ರಾತ್ರಿಯಿಡೀ ಬಿಡಬೇಕು, ಅಷ್ಟೇ.

ಸ್ಕ್ರೂ ನನಗಂತೂ ಬೇಡ. ತೂತಿನ ಸುತ್ತ ಬಿರುಕು ಬಿಡುತ್ತದೆ.