ಹಳೆ ಮಿನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಪರ್ಟ್ರಾನಿಕ್ಸ್ ಇಗ್ನೈಟರ್ ಹೇಗಿದೆ?

ಇಗ್ನೈಟರ್ ಅಂದರೆ ಹಳೆ ಕಾರಿನ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಒಳಗೆ, ಪಾಯಿಂಟ್ ಎಂಬ ಸ್ವಿಚ್ಚಿನ ಬದಲು ಹಾಕುವ ಎಲೆಕ್ಟ್ರಾನಿಕ್ ಕಿಟ್. ಮೊದಲೇ ಹೇಳಿಬಿಡುತ್ತೇನೆ, ಈ ಕಿಟ್ ನನಗೆ ತುಂಬಾ ಹಿಡಿಸಿದೆ. ಹಾಗಂತ ಎಲ್ಲರೂ ಇವತ್ತೇ ತಗೊಂಡು ಹಾಕಿ ಎನ್ನುವುದಿಲ್ಲ. ನಿಮ್ಮ ಡಿಸ್ಟ್ರಿಬ್ಯೂಟರ್ ಗಟ್ಟಿಮುಟ್ಟಾಗಿದ್ದರೆ ಹಳೆ ಕಾರಿಗೆ ಇಷ್ಟು ಸುಲಭವಾಗಿ ಮಾಡಬಹುದಾದ, ಇಷ್ಟು ಉಪಯೋಗಕ್ಕೆ ಬರುವ ಬದಲಾವಣೆ ಇನ್ನೊಂದು ಸಿಗುವುದು ಕಷ್ಟ. ಅದೇ ಸವೆದು ಅಲ್ಲಾಡುತ್ತಿದ್ದರೆ ದುಡ್ಡು ದಂಡ.

ನನ್ನದು ಕ್ಲಾಸಿಕ್ ಮಿನಿ. ಬಿಡುವು ಸಿಕ್ಕಾಗ ಗ್ಯಾರೇಜಿನಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಬಿಚ್ಚಿ, ತೊಳೆದು, ಜೋಡಿಸಿಕೊಂಡು ಬರುತ್ತಿರುವ ಗಾಡಿ. 1959ರಿಂದ 2000ದವರೆಗೆ ತಯಾರಾದ ಕಾರು ಇದು. ಇದರ ಎ-ಸೀರೀಸ್ ಎಂಜಿನ್ ಇನ್ನೂ ಹಳೆಯದು, 1951ರಲ್ಲೇ ಆಸ್ಟಿನ್ ಎ30 ಕಾರಿನಲ್ಲಿ ಬಂದದ್ದು. ನನ್ನ ಗಾಡಿಯಲ್ಲಿ ಇರುವುದು ಲೂಕಾಸ್ 25ಡಿ ಡಿಸ್ಟ್ರಿಬ್ಯೂಟರ್. ಹಳೆ ಕಾರಿಗೆ ಹೊಸದೇನಾದರೂ ಹಾಕುವಾಗ ನನ್ನದೊಂದು ನಿಯಮ ಇದೆ. ಬಾನೆಟ್ ಎತ್ತಿದರೆ ಕಾರು ಹಳೆಯದಾಗೇ ಕಾಣಬೇಕು, ಮತ್ತು ಬೇಡ ಅನಿಸಿದ ದಿನ ಏನನ್ನೂ ಕೊರೆಯದೆ, ಕತ್ತರಿಸದೆ ಮೊದಲಿನ ಹಾಗೆ ಮಾಡಲು ಬರಬೇಕು. ಇಗ್ನೈಟರ್ ಈ ಎರಡರಲ್ಲೂ ಪಾಸು. ಎಲ್ಲವೂ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೇ ಅಡಗುತ್ತದೆ. ಹೊರಗೆ ಕಾಣುವುದು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಕಡೆ ಹೋಗುವ ಎರಡು ವಯರು ಅಷ್ಟೇ, ಒಂದು ಕೆಂಪು, ಒಂದು ಕಪ್ಪು.

ಇದು ಯಾಕೆ ಬೇಕು ಅಂತ ಕೇಳುವವರಿಗೆ ಪಾಯಿಂಟ್ ಕೆಲಸ ಮಾಡುವ ರೀತಿ ಸ್ವಲ್ಪ ಹೇಳಬೇಕು. ಕಾಯಿಲ್‌ಗೆ ಹೋಗುವ ಕರೆಂಟನ್ನು ಪಾಯಿಂಟ್ ಕೂಡಿಸುತ್ತದೆ, ಬಿಡಿಸುತ್ತದೆ. ಬಿಡಿಸಿದ ಕ್ಷಣದಲ್ಲಿ ಪ್ಲಗ್‌ಗೆ ಕಿಡಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಅದರ ಅರ್ಧ, ಅಂದರೆ 1500 ಸುತ್ತು ತಿರುಗುತ್ತದೆ. ಒಂದೊಂದು ಸುತ್ತಿಗೂ ಪಾಯಿಂಟ್ ನಾಲ್ಕು ಸಲ ತೆರೆಯಬೇಕು. ಲೆಕ್ಕ ಹಾಕಿ, ಸೆಕೆಂಡಿಗೆ 100 ಸಲ! ಅಷ್ಟು ಸಲವೂ ಪಾಯಿಂಟಿನ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಗ್ಯಾಪ್ ಕಡಿಮೆಯಾದಂತೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಬರುವ ಸಮಯ, ಹಿಂದೆ ಬೀಳುತ್ತದೆ, ಗಾಡಿ ನಿಧಾನಕ್ಕೆ ಮಂಕಾಗುತ್ತಾ ಹೋಗುತ್ತದೆ. ದಿನಾ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅಷ್ಟು ಮೆಲ್ಲಗೆ ಆಗುವ ಕೆಲಸ. ಫೀಲರ್ ಗೇಜ್ ಹಿಡಿದು 0.38 ಮಿಲಿಮೀಟರ್ ಆಸುಪಾಸಿಗೆ ಮತ್ತೆ ಸೆಟ್ ಮಾಡಿದಾಗಲೇ ವ್ಯತ್ಯಾಸ ತಿಳಿಯುವುದು.

ಪಾಯಿಂಟ್ ಸೆಟ್ ಮಾಡುವ ಕೆಲಸ ನನಗೇನೂ ಬೇಜಾರಲ್ಲ. ನನಗೆ ಸಾಕಾಗಿದ್ದು ಕಂಡೆನ್ಸರ್, ಪಾಯಿಂಟ್ ತೆರೆಯುವಾಗ ಅದರ ಮುಖ ಸುಡದ ಹಾಗೆ ನೋಡಿಕೊಳ್ಳುವ ಪುಟ್ಟ ಬಿಡಿಭಾಗ. ಹಳೆ ಸ್ಟಾಕಿನ ಕಂಡೆನ್ಸರ್‌ಗಳು ವರ್ಷಗಟ್ಟಲೆ ಬರುತ್ತಿದ್ದವು. ಈಗ ಹೊಸದು ಅಂತ ತಂದು ಹಾಕಿದ್ದು ಎಂಜಿನ್ ಬಿಸಿಯಾದ ಕೂಡಲೇ ಕೈ ಕೊಡುತ್ತಿತ್ತು. ಗಾಡಿ ನಿಲ್ಲುತ್ತಿತ್ತು, ತಣ್ಣಗಾದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಇಂಥ ತೊಂದರೆಯಲ್ಲಿ ಮೊದಲು ಅನುಮಾನ ಹೋಗುವುದೇ ಪೆಟ್ರೋಲ್ ಪಂಪ್ ಮೇಲೆ, ಕಾರ್ಬುರೇಟರ್ ಮೇಲೆ. ಕ್ಯಾಪ್ ಬಿಚ್ಚಿ ನೋಡಿದರೆ ಪಾಯಿಂಟಿನ ಮುಖ ಸುಟ್ಟು ನೀಲಿಯಾಗಿತ್ತು, ಒಂದು ಕಡೆ ಸಣ್ಣ ಗುಂಡಿ, ಎದುರಿಗೆ ಅದೇ ಅಳತೆಯ ಗುಬುಟು. ಕಂಡೆನ್ಸರ್ ಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಗ್ನೈಟರ್ ಹಾಕಿದರೆ ಪಾಯಿಂಟ್ ಜೊತೆ ಕಂಡೆನ್ಸರ್ ಕೂಡ ಹೋಗುತ್ತದೆ. ನನಗಂತೂ ಅದೇ ದೊಡ್ಡ ಲಾಭ.

ಕೂರಿಸುವುದು ಸುಲಭ. ಪಾಯಿಂಟ್ ಇದ್ದ ಜಾಗದಲ್ಲಿ ಚಿಕ್ಕ ಮಾಡ್ಯೂಲ್ ಕೂರುತ್ತದೆ, ಕ್ಯಾಮ್ ಮೇಲೆ ಮ್ಯಾಗ್ನೆಟ್ ಇರುವ ಒಂದು ಬಳೆ ಕೂರುತ್ತದೆ, ಅದರ ಮೇಲೆ ಹಳೆ ರೋಟರ್. ಮ್ಯಾಗ್ನೆಟ್ ಎದುರಿಗೆ ಬಂದಾಗಲೆಲ್ಲ ಮಾಡ್ಯೂಲ್ ಒಳಗಿನ ಹಾಲ್ ಸೆನ್ಸರ್ ಅದನ್ನು ಗುರುತಿಸಿ ಕಾಯಿಲ್ ಕರೆಂಟನ್ನು ಕಡಿಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವ ಮಾತೂ ಇಲ್ಲ. ಬಳೆಯನ್ನು ಪೂರ್ತಿ ಕೆಳಗೆ ಒತ್ತಿ ಕೂರಿಸಬೇಕು. ಅರೆಬರೆ ಕೂತರೆ ರೋಟರ್ ಮೇಲೆದ್ದು ಕ್ಯಾಪ್‌ಗೆ ತಗಲುತ್ತದೆ. ವಯರುಗಳನ್ನು ಸ್ವಲ್ಪ ಸಡಿಲ ಬಿಟ್ಟು, ತಿರುಗುವ ಬಳೆಗೆ ಉಜ್ಜದ ಹಾಗೆ ಬದಿಗೆ ಸರಿಸಿ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಗಾಳಿ ಎಳೆತದಿಂದ ಕಿಡಿಯನ್ನು ಮುಂಚಿತ ಮಾಡುವ ಭಾಗ) ಎಳೆದಾಗ ಪ್ಲೇಟ್ ತಿರುಗುತ್ತದಲ್ವಾ, ಆಗ ವಯರು ಜಗ್ಗಬಾರದು. ಕ್ಯಾಪ್ ಹಾಕುವ ಮೊದಲು ಪ್ಲೇಟನ್ನು ಕೈಯಿಂದಲೇ ಆ ಕಡೆ ಈ ಕಡೆ ತಿರುಗಿಸಿ ನೋಡಿ.

ಇದಾದ ಮೇಲೆ ಟೈಮಿಂಗ್ ಮತ್ತೆ ಸೆಟ್ ಮಾಡಲೇಬೇಕು, ಇದನ್ನು ಬಿಡುವವರು ಜಾಸ್ತಿ. ಪಾಯಿಂಟ್ ತೆರೆಯುತ್ತಿದ್ದ ಜಾಗವೂ ಮಾಡ್ಯೂಲ್ ಕಿಡಿ ಕೊಡುವ ಜಾಗವೂ ಒಂದೇ ಅಲ್ಲ. ಬಲ್ಬ್ ಇಟ್ಟು ನೋಡುವ ಹಳೆ ಪದ್ಧತಿ ಇಲ್ಲಿ ಬೇಡ, ಟೈಮಿಂಗ್ ಲೈಟ್ ಹಿಡಿದೇ ನೋಡಿ. ಮೊದಮೊದಲ ಮಿನಿಗಳಲ್ಲಿ ಗುರುತು ಇರುವುದು ಫ್ಲೈವೀಲ್ ಮೇಲೆ, ಸಣ್ಣ ಕಿಂಡಿಯಲ್ಲಿ ಕನ್ನಡಿ ಹಿಡಿದು ನೋಡಬೇಕು. ಆ ಗುರುತಿಗೆ ಮೊದಲೇ ಒಂದು ಚುಕ್ಕೆ ಬಿಳಿ ಪೇಂಟ್ ಹಚ್ಚಿಕೊಂಡರೆ ಕಣ್ಣಿಗೆ ಆರಾಮ.

ಓಡಿಸಿದಾಗ ಏನು ವ್ಯತ್ಯಾಸ? ಪವರ್ ಹೆಚ್ಚಾಗಿಲ್ಲ. ಕಾಯಿಲ್ ಅದೇ, ಪ್ಲಗ್ ಅದೇ, ಪವರ್ ಎಲ್ಲಿಂದ ಬರಬೇಕು? ಆದರೆ ಸ್ಲೋ ನಿಲ್ಲುವುದು ಬೇರೆಯೇ ಆಗಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಒಂದೇ ಸಮನೆ ಗುನುಗುತ್ತದೆ, ನಡುವೆ ಒಮ್ಮೆ ಮುಗ್ಗರಿಸುವುದು, ಮತ್ತೆ ಸುಧಾರಿಸಿಕೊಳ್ಳುವುದು ಇಲ್ಲ. ತಣ್ಣಗಿರುವಾಗ ಚೋಕ್ ಎಳೆದು ಕೀ ತಿರುಗಿಸಿದರೆ ಬೇಗ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಇವತ್ತು ಸೆಟ್ ಮಾಡಿದ ಟೈಮಿಂಗ್ ಮುಂದೆಯೂ ಅಲ್ಲೇ ಇರುತ್ತದೆ. ಕಾರ್ಬುರೇಟರ್ ಟ್ಯೂನ್ ಮಾಡುವವರಿಗೆ ಇದರ ಬೆಲೆ ಗೊತ್ತು. ಇಗ್ನಿಷನ್ ಒಂದು ಕಡೆ ನಿಂತರೆ ತಾನೇ ಮಿಕ್ಸ್ಚರ್ ಸರಿ ಇದೆಯೋ ಇಲ್ಲವೋ ಹೇಳಲು ಆಗುವುದು.

ಈಗ ಆ ಸವೆದ ಡಿಸ್ಟ್ರಿಬ್ಯೂಟರಿನ ವಿಷಯ. ಕ್ಯಾಪ್ ತೆಗೆದು, ರೋಟರ್ ಕಳಚಿ, ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂತ ಪ್ಲೇ ಕೈಗೆ ಸಿಕ್ಕರೆ ಶಾಫ್ಟ್ ತಿರುಗುವ ಬುಷ್ ಸವೆದುಹೋಗಿದೆ ಅಂತಲೇ ಅರ್ಥ. ಆಗ ಮ್ಯಾಗ್ನೆಟ್ ಬಳೆಯೂ ಆ ಶಾಫ್ಟಿನ ಜೊತೆಗೇ ಓಲಾಡುತ್ತದೆ. ಪಾಯಿಂಟಿನಷ್ಟು ಕೆಟ್ಟದಾಗಿ ಅಲ್ಲದಿದ್ದರೂ ಟೈಮಿಂಗ್ ಅಲ್ಲಾಡುವುದು ತಪ್ಪುವುದಿಲ್ಲ. ವೇಗ ಹೆಚ್ಚಿದಂತೆ ಟೈಮಿಂಗ್ ಮುಂದೆ ತರುವ ಕೆಳಗಿನ ಅಡ್ವಾನ್ಸ್ ಸ್ಪ್ರಿಂಗ್ ಜೋತುಬಿದ್ದಿದ್ದರೆ, ತೂಕದ ಗುಂಡುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ವ್ಯಾಕ್ಯೂಮ್ ಡಯಾಫ್ರಾಮ್ ತೂತಾಗಿದ್ದರೆ ಅದ್ಯಾವುದನ್ನೂ ಈ ಕಿಟ್ ಸರಿಮಾಡುವುದಿಲ್ಲ. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನಾಲಗೆಯಿಂದ ಮುಚ್ಚಿ ಹಿಡಿಯಿರಿ. ಪ್ಲೇಟ್ ತಿರುಗಿ ಅಲ್ಲೇ ನಿಂತರೆ ಚೆನ್ನಾಗಿದೆ, ವಾಪಸ್ ಬಂದುಬಿಟ್ಟರೆ ಹೊಸ ಯೂನಿಟ್ ಬೇಕು. ಮೊದಲು ಇದಕ್ಕೆ ಖರ್ಚು ಮಾಡಿ, ಕಿಟ್ ಆಮೇಲೆ.

ವಯರಿಂಗ್ ಮಾಡುವ ಮುಂಚೆ ಬ್ಯಾಟರಿಯ ಯಾವ ಕಡೆ ಬಾಡಿಗೆ ಅರ್ತ್ ಆಗಿದೆ ನೋಡಿ. 1969ರವರೆಗಿನ ಮಿನಿಗಳು ಪಾಸಿಟಿವ್ ಅರ್ತ್, ಅವಕ್ಕೆ ಬೇರೆಯದೇ ಕಿಟ್ ಬರುತ್ತದೆ. ಹಿಂದಿನ ಮಾಲೀಕರು ಯಾರಾದರೂ ನೆಗೆಟಿವ್‌ಗೆ ಬದಲಾಯಿಸಿರಬಹುದು, ಆದ್ದರಿಂದ ಕಾರಿನ ವರ್ಷ ನೋಡಿ ಆರ್ಡರ್ ಮಾಡಬೇಡಿ, ಬ್ಯಾಟರಿ ನೋಡಿ ಮಾಡಿ. ಉಲ್ಟಾ ಕೊಟ್ಟರೆ ಮಾಡ್ಯೂಲ್ ಅಲ್ಲೇ ಸುಟ್ಟುಹೋಗುತ್ತದೆ. ಕಾಯಿಲ್ ಪ್ರೈಮರಿಯನ್ನೂ ಮಲ್ಟಿಮೀಟರಲ್ಲಿ ಅಳೆಯಿರಿ. ಮೊದಲ ತಲೆಮಾರಿನ ಇಗ್ನೈಟರ್‌ಗೆ ನಾಲ್ಕು ಸಿಲಿಂಡರಿನಲ್ಲಿ 3 ಓಮ್ ಬೇಕು. ಬ್ಯಾಲಸ್ಟ್ (ಕಾಯಿಲ್ ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್) ಇರುವ ಗಾಡಿಯ 1.5 ಓಮ್ ಕಾಯಿಲನ್ನು ಬ್ಯಾಲಸ್ಟ್ ತಪ್ಪಿಸಿ ಹಾಕಿದರೆ ಕರೆಂಟ್ ಜಾಸ್ತಿ ಹರಿದು ಮಾಡ್ಯೂಲ್ ಬಿಸಿಯಾಗುತ್ತದೆ. ಪ್ಲಗ್ ವಯರು ಬರೀ ತಾಮ್ರದ ತಂತಿಯದ್ದಾಗಿದ್ದರೆ ಅದನ್ನೂ ಬದಲಾಯಿಸಿ, ಅದರ ರೇಡಿಯೋ ತರಂಗದಿಂದ ಮಾಡ್ಯೂಲ್ ಗಲಿಬಿಲಿಗೊಂಡು ಗಾಡಿ ಮಿಸ್ ಹೊಡೆಯುತ್ತದೆ. ಕಾರ್ಬನ್ ಇಲ್ಲವೇ ಸ್ಪೈರಲ್ ವಯರು ಸರಿ.

ಇನ್ನೊಂದು ಅಭ್ಯಾಸ ಬಿಡಬೇಕು. ಎಂಜಿನ್ ಆಫ್ ಇರುವಾಗ ಸುಮ್ನೆ ಕೀ ಆನ್ ಮಾಡಿ ರೇಡಿಯೋ ಕೇಳುತ್ತಾ ಕೂರಬೇಡಿ, ಇಂಡಿಕೇಟರ್ ಪರೀಕ್ಷೆ ಮಾಡುತ್ತಾ ನಿಲ್ಲಬೇಡಿ. ಆಗ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇದ್ದು ಮಾಡ್ಯೂಲ್ ಬಿಸಿಯಾಗಬಹುದು, ಮೊದಲ ತಲೆಮಾರಿನದ್ದಕ್ಕೆ ಆ ಬಿಸಿ ತಡೆಯುವ ರಕ್ಷಣೆ ಇಲ್ಲ. ಇಗ್ನೈಟರ್ 2ರಲ್ಲಿ ಅತಿ ಕರೆಂಟಿನಿಂದ ಕಾಪಾಡುವ ವ್ಯವಸ್ಥೆ ಇದೆ, ಎಂಜಿನ್ ವೇಗಕ್ಕೆ ತಕ್ಕಂತೆ ಡ್ವೆಲ್ (ಕಾಯಿಲ್‌ಗೆ ಕರೆಂಟ್ ಹರಿಯುವ ಅವಧಿ) ಕೂಡ ತಾನೇ ಹೊಂದಿಸಿಕೊಳ್ಳುತ್ತದೆ. ವಯರಿಂಗ್ ಕೆಲಸ ಇನ್ನೂ ಮುಗಿಯದ ಗಾಡಿಯಾಗಿದ್ದರೆ ಆಗಾಗ ಕೀ ಆನ್ ಮಾಡುವುದು ಇದ್ದೇ ಇರುತ್ತದೆ, ಅಂಥವರು ಎರಡನೆಯದನ್ನೇ ನೋಡಿ.

ಮಿನಿಯವರಿಗೆ ಒಂದು ಮಾತು. ನಮ್ಮ ಡಿಸ್ಟ್ರಿಬ್ಯೂಟರ್ ಇರುವುದು ಮುಂದಿನ ಗ್ರಿಲ್ ಹಿಂದೆಯೇ. ಜೋರು ಮಳೆಯಲ್ಲಿ ನೀರು ನೇರ ಅಲ್ಲಿಗೇ ಬಡಿಯುತ್ತದೆ. ನೀರಿಳಿದು ಕಿಡಿ ಸೋರುವುದು ಕ್ಯಾಪಿನಲ್ಲಿ, ಪ್ಲಗ್ ವಯರಿನಲ್ಲಿ. ಆದ್ದರಿಂದ ಎಲೆಕ್ಟ್ರಾನಿಕ್ ಹಾಕಿದೆ, ಇನ್ನು ಮಳೆಗೆ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ. ಬಿರುಕಿಲ್ಲದ ಕ್ಯಾಪ್, ಒಳ್ಳೆಯ ರಬ್ಬರ್ ಬೂಟು, ಗ್ರಿಲ್ ಹಿಂದೆ ಒಂದು ಅಡ್ಡ ತಗಡು ಅಥವಾ ಕವರ್ ಈಗಲೂ ಬೇಕು.

ನನ್ನ ಮಟ್ಟಿಗೆ ಇದರ ಒಂದೇ ಕೊರತೆ ಅಂದರೆ, ಪಾಯಿಂಟ್ ಕೆಡುವ ಮುಂಚೆ ಸೂಚನೆ ಕೊಡುತ್ತದೆ, ಮಾಡ್ಯೂಲ್ ಕೊಡುವುದಿಲ್ಲ. ಹೋದರೆ ಒಂದೇ ಸಲ, ದಾರಿಯಲ್ಲಿ ರಿಪೇರಿ ಮಾಡುವ ವಸ್ತುವೂ ಅಲ್ಲ. ಅದಕ್ಕೇ ಹಳೆ ಪಾಯಿಂಟ್ ಸೆಟ್ಟು, ಪರೀಕ್ಷೆ ಮಾಡಿ ನೋಡಿದ ಒಂದು ಕಂಡೆನ್ಸರ್, ಅವುಗಳ ಪುಟ್ಟ ಸ್ಕ್ರೂ, ಇನ್ಸುಲೇಟಿಂಗ್ ವಾಶರ್, ಫೀಲರ್ ಗೇಜ್ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಬಳೆ ಎಳೆದು ತೆಗೆದು, ಮಾಡ್ಯೂಲ್ ಬಿಚ್ಚಿ, ಪಾಯಿಂಟ್ ಹಾಕಿಕೊಂಡು ಮನೆಗೆ ಬರಬಹುದು. ವಾಶರ್ ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಪಾಯಿಂಟ್ ಸದಾ ಅರ್ತ್ ಆಗಿಯೇ ಇರುತ್ತದೆ, ಎಷ್ಟು ಸೆಲ್ಫ್ ಹೊಡೆದರೂ ಕಿಡಿ ಬರುವುದಿಲ್ಲ.