ಡಿಂಗಿಗೆ ಯಾವ ಬೂಟು? ಮೊದಲು ಪಟ್ಟಿಗೆ ಸಿಕ್ಕಿಸಿ ನೋಡಿ

ಡಿಂಗಿಗೆ, ಅಂದರೆ ಸಣ್ಣ ಹಾಯಿದೋಣಿಗೆ, ಪಾದರಕ್ಷೆ ಕೊಳ್ಳಲು ಹೊರಟವರು ಮೊದಲು ನೋಡುವುದು ಅಟ್ಟೆ ಜಾರುತ್ತದೆಯೋ ಇಲ್ಲವೋ ಎಂದು. ಅದು ಎರಡನೆಯ ಪ್ರಶ್ನೆ. ಮೊದಲನೆಯದು ಟೋ ಸ್ಟ್ರ್ಯಾಪಿನದು. ಗಾಳಿ ಏರಿದಾಗ ದೋಣಿ ವಾಲದಂತೆ ಅಂಚಿನ ಮೇಲೆ ಕೂತು ಮೈಯನ್ನು ಹೊರಕ್ಕೆ, ನೀರಿನ ಮೇಲಕ್ಕೆ ಚಾಚುತ್ತೇವಲ್ಲ, ಆಗ ನಮ್ಮನ್ನು ದೋಣಿಗೆ ಹಿಡಿದಿಡುವುದು ತಳದಲ್ಲಿ ಉದ್ದಕ್ಕೆ ಬಿಗಿದ ಆ ಪಟ್ಟಿಯೊಂದೇ. ಅದರ ಎಳೆತವೆಲ್ಲ ಬೀಳುವುದು ಪಾದದ ಮೇಲ್ಭಾಗಕ್ಕೆ, ಬೆರಳಿನ ಬುಡಕ್ಕೂ ಕಾಲ ಹರಡಿಗೂ ನಡುವಿನ ಸಣ್ಣ ಜಾಗಕ್ಕೆ. ಬೂಟು ಆ ಒತ್ತಡವನ್ನು ಹಂಚಬೇಕು. ದೋಣಿ ಮಗುಚಿದ ಕ್ಷಣದಲ್ಲಿ ಅದೇ ಬೂಟು ಪಟ್ಟಿಯಡಿಯಿಂದ ಎಲ್ಲೂ ತಡೆಯದೆ ಜಾರಿ ಬರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅದು ಎಷ್ಟೇ ಬೆಚ್ಚಗಿರಲಿ, ಡಿಂಗಿಗೆ ಬೇಡ.

ಈ ಪರೀಕ್ಷೆಯಲ್ಲಿ ಕೆಲವು ಮೊದಲ ಸುತ್ತಿನಲ್ಲೇ ಸೋಲುತ್ತವೆ. ಹವಾಯಿ ಚಪ್ಪಲಿ ಪಟ್ಟಿಯಡಿಯಲ್ಲೇ ಉಳಿದು ಪಾದವಷ್ಟೇ ಹೊರಬರುತ್ತದೆ. ಬಕಲ್ ಇರುವ ಸ್ಯಾಂಡಲ್ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಬಕಲ್ಲಿಗೆ ಹಗ್ಗ ಸಿಕ್ಕಿಕೊಳ್ಳುತ್ತದೆ, ಬೆರಳುಗಳು ಬಯಲಾಗಿಯೇ ಇರುತ್ತವೆ. ಓಟದ ಶೂಗಳಲ್ಲಿ ಫೋಮಿನ ದಪ್ಪ ಅಟ್ಟೆ ಪಾದದ ಸುತ್ತ ಅಗಲವಾಗಿ ಹೊರಚಾಚಿರುತ್ತದೆ. ಪಟ್ಟಿಯಡಿ ತೂರುವಾಗ ಸುಲಭ, ಹಿಂತೆಗೆಯುವಾಗ ಆ ಅಂಚು ಕೊಕ್ಕೆಯಾಗುತ್ತದೆ. ಅಟ್ಟೆಯ ಆಳದ ಗೀರುಗಳಲ್ಲಿ ದಡದ ಜಲ್ಲಿಕಲ್ಲೂ ದೋಣಿಯೊಳಕ್ಕೆ ಬರುತ್ತದೆ. ಒಂದೇ ಒಂದು ಹರಳು, ದೋಣಿಯೊಳಗಿನ ನೀರನ್ನು ಹೊರಹಾಕುವ ಸೆಲ್ಫ್ ಬೇಲರಿನ ಬಾಯಲ್ಲಿ ಕೂತರೆ ಅದು ಮುಚ್ಚುವುದಿಲ್ಲ; ದೋಣಿಯಡಿ ನೀರಿಗಿಳಿಯುವ ಹಲಗೆ, ಅಂದರೆ ಸೆಂಟರ್‌ಬೋರ್ಡಿನ ಗೂಡಿಗೆ ಬಿದ್ದರೆ ಬೋರ್ಡು ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು.

ಗಮ್‌ಬೂಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ನೀರು ತುಂಬಿದರೆ ಅದು ಆಳಕ್ಕೆ ಎಳೆಯುತ್ತದೆ ಎಂದು. ನೀರಿನೊಳಗೆ ಇರುವಷ್ಟು ಹೊತ್ತು ಬೂಟಿನೊಳಗಿನ ನೀರಿಗೆ ಭಾರವಿಲ್ಲ. ತೊಂದರೆ ಶುರುವಾಗುವುದು ಈಜುವಾಗ ಮತ್ತು ಮಗುಚಿದ ದೋಣಿಯ ಮೇಲೆ ಹತ್ತುವಾಗ. ಕಾಲನ್ನು ನೀರಿನಿಂದ ಮೇಲೆತ್ತಿದ ತಕ್ಷಣ ಒಳಗಿನ ಲೀಟರುಗಟ್ಟಲೆ ನೀರು ಪೂರ್ತಿ ತೂಗುತ್ತದೆ. ದಣಿದ ಮನುಷ್ಯನಿಗೆ ಅಷ್ಟು ಸಾಕು. ಗಮ್‌ಬೂಟನ್ನು ದಡದಲ್ಲೇ ಬಿಡಿ.

ಬರಿಗಾಲು ಬೆಚ್ಚನೆಯ ನೀರಿನಲ್ಲಿ ಹಿತವೇ. ಆದರೆ ಶೀಟಿನ (ಹಾಯಿ ಎಳೆಯುವ ಹಗ್ಗದ) ಬ್ಲಾಕು ಎಂಬ ರಾಟೆ, ಹಗ್ಗವನ್ನು ಹಿಡಿದಿಡುವ ಕ್ಲೀಟು, ಬೋರ್ಡಿನ ಗೂಡಿನ ಅಂಚು ಇವೆಲ್ಲ ಸರಿಯಾಗಿ ಕಿರುಬೆರಳಿನ ಎತ್ತರಕ್ಕೇ ಇರುತ್ತವೆ. ದೋಣಿಯನ್ನು ನೀರಿಗಿಳಿಸುವ ಇಳಿಜಾರಿನಲ್ಲಿ ಪಾಚಿ, ಚಿಪ್ಪು, ಒಡೆದ ಗಾಜು. ಟ್ರಾಲಿಯ ಭಾರ ಕೈಯಲ್ಲಿರುವಾಗ ಕಾಲಿಡುವ ಜಾಗ ನೋಡಿಕೊಳ್ಳಲು ಆಗುವುದಿಲ್ಲ. ಪಾದಕ್ಕೆ ಆಗುವ ಗಾಯಗಳಲ್ಲಿ ಹಲವು ನೀರಿನ ಮೇಲೆ ಆಗುವುದಲ್ಲ, ಈ ಹತ್ತು ಹೆಜ್ಜೆಯಲ್ಲಿ ಆಗುವುದು.

ಡೆಕ್ ಶೂ ಎಂಬ ಚರ್ಮದ ಜೋಡು ಬೇರೆ ಮನೆತನದ್ದು. ಅಮೆರಿಕದ ಪಾಲ್ ಸ್ಪೆರ್ರಿ, ತಮ್ಮ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು, ಅದರ ಅಂಗಾಲಿನ ಗೆರೆಗಳಂತೆ ರಬ್ಬರಿಗೆ ಸಣ್ಣ ಸೀಳುಗಳನ್ನು ಕೊಯ್ದು 1935ರಲ್ಲಿ ಈ ಶೂ ತಂದರು. ಕಾಲು ಬಾಗಿದಾಗ ಸೀಳುಗಳು ಬಿಚ್ಚಿಕೊಳ್ಳುತ್ತವೆ, ನೀರು ಅವುಗಳೊಳಗೆ ಸರಿಯುತ್ತದೆ, ಅವುಗಳ ಅಂಚು ಮೇಲ್ಮೈಯನ್ನು ಕಚ್ಚುತ್ತದೆ. ಆ ಉಪಾಯ ಇಂದಿಗೂ ಒಳ್ಳೆಯ ಡಿಂಗಿ ಬೂಟಿನ ಅಟ್ಟೆಯಲ್ಲಿ ಉಳಿದಿದೆ. ಆದರೆ ಆ ಶೂ ದೊಡ್ಡ ದೋಣಿಯ ಡೆಕ್ಕಿಗೆ ಹುಟ್ಟಿದ್ದು. ಡಿಂಗಿಯಲ್ಲಿ ದಿನವಿಡೀ ನೆನೆದು ಒಣಗಿದರೆ ಚರ್ಮ ಮರದಂತೆ ಬಿರುಸಾಗುತ್ತದೆ. ಮೇಲ್ಭಾಗದ ಉಬ್ಬು ಹೊಲಿಗೆ ಪಟ್ಟಿಯಡಿ ಪಾದಕ್ಕೇ ಒತ್ತುತ್ತದೆ.

ಹಾಗಾದರೆ ಉಳಿಯುವುದು ನಿಯೋಪ್ರೀನ್ ಬೂಟು. ಈ ರಬ್ಬರಿನೊಳಗೆ ಒಂದಕ್ಕೊಂದು ಸೇರದ ಸಣ್ಣ ಸಣ್ಣ ಅನಿಲದ ಗುಳ್ಳೆಗಳಿವೆ. ಶಾಖವನ್ನು ತಡೆಯುವುದು ಅವೇ. ಒಳಗೆ ಬಂದ ತೆಳು ನೀರಿನ ಪದರವನ್ನು ಪಾದ ಬೆಚ್ಚಗಾಗಿಸುತ್ತದೆ. ಆ ನೀರು ಹೊಸ ನೀರಿಗೆ ಜಾಗ ಬಿಡದೆ ಅಲ್ಲೇ ನಿಂತರೆ ಮಾತ್ರ ಬೂಟಿನ ದಪ್ಪಕ್ಕೆ ಬೆಲೆ. ಸಡಿಲವಾದ 5 ಮಿ.ಮೀ. ಬೂಟಿಗಿಂತ ಮೈಗಂಟಿದ 3 ಮಿ.ಮೀ. ಬೂಟು ಬೆಚ್ಚಗಿರುವುದು ಈ ಕಾರಣಕ್ಕೆ. ಹಾಗೆಂದು ಬೆರಳು ಮಡಚಿಕೊಳ್ಳುವಷ್ಟು ಬಿಗಿ ಮಾಡಿದರೆ ರಕ್ತ ಓಡುವುದಿಲ್ಲ, ಪಾದ ಇನ್ನೂ ಬೇಗ ತಣ್ಣಗಾಗುತ್ತದೆ. ಬಹುತೇಕರಿಗೆ ನಮ್ಮ ಸಲಹೆ 3 ಮಿ.ಮೀ. ಬೂಟು, ಚಳಿಗಾಲಕ್ಕೆ ಅದರೊಳಗೆ ತೆಳು ನಿಯೋಪ್ರೀನ್ ಕಾಲುಚೀಲ. 5 ಮಿ.ಮೀ. ಬೂಟಿನಲ್ಲಿ ಹರಡು ಬಾಗಿಸುವುದೇ ಕಷ್ಟ. ಅದನ್ನು ನೀರು ನಿಜಕ್ಕೂ ಕೊರೆಯುವ ಕಡೆಗಷ್ಟೇ ಇಟ್ಟುಕೊಳ್ಳಿ.

ಮುಚ್ಚುವ ಬಗೆ ಮೂರು. ಜಿಪ್ ಇರುವುದನ್ನು ಹಾಕಿ ತೆಗೆಯುವುದು ಸುಲಭ, ಆದರೆ ಮೊದಲು ಕೆಡುವುದೂ ಅದೇ. ಉಪ್ಪು ಮತ್ತು ಮರಳು ಸೇರಿ ಜಿಪ್ಪಿನ ಓಟ ನಿಂತುಹೋಗುತ್ತದೆ. ಕೊಂಡರೆ ಪ್ಲಾಸ್ಟಿಕ್ಕಿನ ದಪ್ಪ ಹಲ್ಲಿನದನ್ನೇ ಕೊಳ್ಳಿ. ಜಿಪ್ಪು ಪಕ್ಕದಲ್ಲಿರಲಿ, ಪಾದದ ಮೇಲ್ಭಾಗದಲ್ಲಿ ಎಂದೂ ಬೇಡ. ಎಳೆದು ಹಾಕುವ, ಜಿಪ್ಪಿಲ್ಲದ ಬಗೆಯಲ್ಲಿ ಕೆಡುವ ಭಾಗವೇ ಇಲ್ಲ. ಆದರೆ ಕೆಸರಿನಲ್ಲಿ ಕಾಲೆತ್ತಿದರೆ ಬೂಟು ಕೆಸರಿಗೇ ಉಳಿಯುತ್ತದೆ, ಮೇಲ್ಭಾಗಕ್ಕೆ ಅಡ್ಡಲಾಗಿ ವೆಲ್ಕ್ರೋ ಪಟ್ಟಿ ಇದ್ದರೆ ಈ ಕಾಟ ತಪ್ಪುತ್ತದೆ. ಲೇಸಿನದು ಪಾದವನ್ನು ಚೆನ್ನಾಗಿ ಅಪ್ಪುತ್ತದೆ. ಅದರಲ್ಲಿ ಲೇಸನ್ನೂ ಗಂಟನ್ನೂ ಪೂರ್ತಿ ಮುಚ್ಚುವ ಹೊದಿಕೆ ಇರಲೇಬೇಕು. ತೆರೆದ ಕುಣಿಕೆಗೆ ಶೀಟಿನ ಹಗ್ಗವೋ ಕ್ಲೀಟೋ ಸಿಕ್ಕಿಕೊಂಡರೆ, ದೋಣಿ ಬೋರಲಾದಾಗ ಕೆಳಗೆ ಕಾಲು ಬಿಡಿಸಿಕೊಳ್ಳುವ ಪಾಡು ಯಾರಿಗೂ ಬೇಡ. ಹೊದಿಕೆಯಿಲ್ಲದ ಲೇಸಿನ ಬೂಟು ಈಗಾಗಲೇ ಇದ್ದರೆ ಕುಣಿಕೆಗಳನ್ನು ಒಳಕ್ಕೆ ತುರುಕಿ ಮೇಲೆ ಅಗಲವಾದ ಟೇಪು ಸುತ್ತಿ.

ಇನ್ನು ಯಾವ ದೋಣಿ ಎಂಬುದು. ಮೊದಲು ಲೇಸರ್ ಎನ್ನುತ್ತಿದ್ದ ಇಲ್ಕಾದಂಥ ಒಬ್ಬರ ದೋಣಿಯಲ್ಲಿ ಗಾಳಿಯ ದಿನ ಪಟ್ಟಿಯಲ್ಲಿ ತೂಗುತ್ತಲೇ ಇರಬೇಕು. ಅಲ್ಲಿಗೆ ಎತ್ತರದ ಕುತ್ತಿಗೆಯ, ಪಾದದ ಮೇಲ್ಭಾಗದಲ್ಲಿ ಗಟ್ಟಿ ರಬ್ಬರಿನ ಮೆತ್ತೆ ಇರುವ ಹೈಕಿಂಗ್ ಬೂಟು ಬೇಕು (ಹೀಗೆ ಅಂಚಿನಿಂದ ಮೈ ಹೊರಚಾಚುವುದಕ್ಕೇ ಇಲ್ಲಿ ಹೈಕಿಂಗ್ ಎನ್ನುವುದು). ಮೆತ್ತೆಯಿಲ್ಲದ ಬೂಟಿನಲ್ಲಿ ಪಟ್ಟಿ ಹಗ್ಗದಂತೆ ಕೊರೆಯುತ್ತದೆ, ಬೂಟು ಮೊದಲು ಹರಿಯುವುದೂ ಅಲ್ಲೇ. 49er‌ನಂಥ ಟ್ರಪೀಜ್ ದೋಣಿಯಲ್ಲಿ ಲೆಕ್ಕ ತಿರುಗುಮುರುಗು. ಹಾಯಿಕಂಬದಿಂದ ಬಂದ ತಂತಿಗೆ ತೂಗಿಕೊಂಡು ದೋಣಿಯ ಅಂಚಿನ ಮೇಲೆ ನಿಂತು ಓಡಾಡುವವರಿಗೆ ಅಂಚು ಅಂಗಾಲಿಗೆ ತಿಳಿಯಬೇಕು, ಅಟ್ಟೆ ತೆಳ್ಳಗೆ, ಮೆತ್ತಗೆ, ಅಂಟಿನಂತೆ ಹಿಡಿಯುವಂತಿರಬೇಕು. ಮೇಲಿನ ಮೆತ್ತೆ ಅಲ್ಲಿ ಬರೀ ಭಾರ. ಎರಡಕ್ಕೂ ಆಗುತ್ತದೆ ಎನ್ನುವ ಬೂಟು ಸಾಮಾನ್ಯವಾಗಿ ಎರಡರಲ್ಲೂ ಅರೆಬರೆ.

ಆಪ್ಟಿಮಿಸ್ಟ್ ಎಂಬ ಮಕ್ಕಳ ಪುಟ್ಟ ಡಿಂಗಿ ಓಡಿಸುವವರಿಗೆ ಬೆಳೆಯುವ ಕಾಲೆಂದು ಎರಡು ಅಳತೆ ದೊಡ್ಡದು ಕೊಡಿಸುವುದು ಅಪಾಯ. ಮುಂದಿನ ಖಾಲಿ ಮೂತಿ ಮಡಚಿಕೊಂಡು ಪಟ್ಟಿಯಡಿ ಸಿಕ್ಕಿಬೀಳುತ್ತದೆ. ಅಳತೆಗೆ ಸರಿಯಾದ ಸರಳ ಬೂಟನ್ನೇ ಕೊಡಿಸಿ, ಕಾಲು ಬೆಳೆದಾಗ ಬದಲಿಸಿ.

ನೀರು ಒಳಬಾರದ ಡ್ರೈಸೂಟ್ ತೊಡುವವರು ಮಾತ್ರ ಒಂದು ಅಳತೆ ದೊಡ್ಡದನ್ನು ಕೊಳ್ಳಬೇಕು, ಬಾಯಿ ಅಗಲವಾಗಿ ತೆರೆಯುವಂಥದ್ದು. ಹಾಕುವ ಮೊದಲು ಬೂಟಿನೊಳಗನ್ನು ತೊಳೆದು ಬೋರಲು ಕೊಡವಿ. ಒಳಗೆ ಉಳಿದ ನಾಲ್ಕು ಮರಳ ಕಣ ಸೂಟಿನ ಲ್ಯಾಟೆಕ್ಸ್ ಕಾಲುಚೀಲವನ್ನು ಉಜ್ಜಿ ಸೂಜಿರಂಧ್ರ ಮಾಡುತ್ತದೆ. ಆಮೇಲೆ ಒದ್ದೆ ಕಾಲಿಗೆ ಸೂಟನ್ನು ಬೈಯುವುದಷ್ಟೇ ಉಳಿಯುತ್ತದೆ.

ಅಂಗಡಿಯಲ್ಲಿ ನೋಡುವ ಕ್ರಮ ಹೀಗಿರಲಿ. ನೀರಿನಲ್ಲಿ ಹಾಕುವ ಕಾಲುಚೀಲವನ್ನೇ ತೊಟ್ಟು ಬೂಟು ಹಾಕಿ. ನಿಂತಾಗ ಬೆರಳು ತುದಿಗೆ ತಾಗಬೇಕು, ಮಡಚಬಾರದು. ತುದಿಗಾಲಲ್ಲಿ ನಿಲ್ಲಿ, ಹಿಮ್ಮಡಿ ಬೂಟಿನೊಳಗೆ ಎದ್ದರೆ ಅದು ದೊಡ್ಡದಾಯಿತು. ಆಮೇಲೆ ಕುರ್ಚಿಯಲ್ಲಿ ಕೂತು ಪಾದದ ಮೇಲೆ ಅಗಲವಾದ ಬೆಲ್ಟು ಹಾಯಿಸಿ, ಜೊತೆಗಿದ್ದವರಿಗೆ ಎರಡೂ ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಲು ಹೇಳಿ, ನೀವು ಹಿಂದಕ್ಕೆ ಒರಗಿ. ಹೊಲಿಗೆಯೋ ಜಿಪ್ಪೋ ಗಂಟೋ ಒತ್ತಿದರೆ ತಕ್ಷಣ ತಿಳಿಯುತ್ತದೆ. ಕೊನೆಗೆ ಅವರು ಹಿಡಿತ ಬಿಡುವ ಮುನ್ನ ಪಾದವನ್ನು ನೇರವಾಗಿ ಹಿಂದಕ್ಕೆಳೆಯಿರಿ. ಎಲ್ಲಾದರೂ ತಡೆದರೆ ಆ ಜೋಡಿಯನ್ನು ಕಪಾಟಿಗೇ ಹಿಂತಿರುಗಿಸಿ. ಎರಡು ಅಳತೆಯ ನಡುವೆ ತೂಗಾಡುವ ಪಾದವಾದರೆ ಬರಿಗಾಲಿಗೆ ಸಣ್ಣದನ್ನು, ಕಾಲುಚೀಲಕ್ಕೆ ದೊಡ್ಡದನ್ನು ಆರಿಸಿ, ಏಕೆಂದರೆ ನಿಯೋಪ್ರೀನ್ ನೆನೆದು ಬಳಸಿದಂತೆ ಸ್ವಲ್ಪ ಸಡಿಲುತ್ತದೆ.

ಸ್ಪರ್ಧೆಗಿಳಿಯುವವರಿಗೆ ತೂಕದ ಚಿಂತೆ ಹೆಚ್ಚು ಬೇಡ. ಹಾಯಿದೋಣಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ನಿಯಮದಲ್ಲಿ ಬಟ್ಟೆ ಮತ್ತು ಸಲಕರಣೆಗೆ 8 ಕೆ.ಜಿ. ಮಿತಿ ಇದ್ದರೂ ಮೊಣಕಾಲಿನ ಕೆಳಗಷ್ಟೇ ತೊಡುವ ಬೂಟು ಆ ಲೆಕ್ಕಕ್ಕೆ ಬರುವುದಿಲ್ಲ. ಆಯಾ ದೋಣಿ ವರ್ಗದ ನಿಯಮ ಅದನ್ನು ಸೇರಿಸಬಹುದು, ಆದ್ದರಿಂದ ಒಮ್ಮೆ ಓದಿಕೊಳ್ಳಿ.

ಬಾಳಿಕೆ ಆರೈಕೆಯಲ್ಲಿದೆ. ಪ್ರತಿ ಸಲವೂ ಸಿಹಿನೀರಿನಲ್ಲಿ ಒಳಗೂ ಹೊರಗೂ ತೊಳೆದು, ಬಾಯಿ ಕೆಳಗಾಗಿ ನೆರಳಿನಲ್ಲಿ ಒಣಗಿಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಅಟ್ಟೆಯ ಅಂಟು ಮೆತ್ತಗಾಗಿ ತುದಿಯಲ್ಲಿ ಬಾಯಿಬಿಡುತ್ತದೆ. ಬಿಟ್ಟುಕೊಂಡದ್ದು ಚಿಕ್ಕದಿದ್ದಾಗಲೇ ಸರಿಮಾಡಬಹುದು: ಚೆನ್ನಾಗಿ ಒಣಗಿಸಿ, ಎರಡೂ ಮುಖವನ್ನು ಮರಳು ಕಾಗದದಿಂದ ತಿಕ್ಕಿ, ನಿಯೋಪ್ರೀನ್ ಅಂಟನ್ನು ಎರಡಕ್ಕೂ ತೆಳ್ಳಗೆ ಸವರಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿ. ಹಸಿ ಇರುವಾಗಲೇ ಅಂಟಿಸುವುದರಿಂದಲೇ ರಿಪೇರಿ ನಿಲ್ಲುವುದಿಲ್ಲ. ಒತ್ತಿದ ಮೇಲೆ ಒಂದು ದಿನ ನೀರು ಮುಟ್ಟಿಸಬೇಡಿ.