ಟರ್ಬೋ ಆಯಿಲ್ ಪೈಪು: ಮೂರು ವರ್ಷ, 1 ಲಕ್ಷ ಕಿ.ಮೀ. ಓಡಿಸಿದ ಮೇಲೆ

ನನ್ನದು ಡೀಸೆಲ್ ಪಿಕಪ್. ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ವಾರಕ್ಕೆ ಮೂರು ಸಲವಾದರೂ ಚಿತ್ರದುರ್ಗ, ಹಿರಿಯೂರು ಕಡೆ ಹೋಗುತ್ತೆ. ಏಪ್ರಿಲ್ ಬಿಸಿಲಲ್ಲಿ ಲೋಡ್ ಗಾಡಿಯ ಬಾನೆಟ್ ಎತ್ತಿದವರಿಗೆ ಆ ಕಾವು ಗೊತ್ತು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಟರ್ಬೋದಿಂದ ಆಯಿಲ್ ವಾಪಸ್ ಇಳಿಯೋ ಗೇಣುದ್ದದ ಪೈಪು ಅದೇ ಕಾವಲ್ಲಿ ಬೇಯುತ್ತಿರುತ್ತೆ.

ಮೊದಲು ಎರಡು ಸಲ ಮಾಮೂಲಿ ನೈಟ್ರೈಲ್ ರಬ್ಬರ್ ಪೈಪು ಹಾಕಿಸಿದೆ. ಎರಡೂ ಒಂದೊಂದು ವರ್ಷವೂ ತುಂಬಲಿಲ್ಲ. ಬಿಚ್ಚಿ ಬಗ್ಗಿಸಿದರೆ ಒಣ ಕಡ್ಡಿ ಥರ ಲಟಕ್ ಅಂತ ಮುರೀತು. ನೈಟ್ರೈಲ್ ಎಣ್ಣೆ ತಡೆಯುತ್ತೆ, ಆದರೆ 100–120 ಡಿಗ್ರಿ ದಾಟಿ ದಿನಾ ಕಾದರೆ ಗಟ್ಟಿಯಾಗಿ ಸೀಳು ಬಿಡುತ್ತೆ. ಆಮೇಲೆ ಯಾರೋ ಹೇಳಿದರು ಅಂತ ನೀಲಿ ಸಿಲಿಕೋನ್ ಪೈಪು. ಶಾಖಕ್ಕೆ ಅದು ಜಗ್ಗಲ್ಲ, ನಿಜ. ಬಿಸಿ ಎಣ್ಣೆಯನ್ನು ಮಾತ್ರ ಹೀರಿಕೊಳ್ಳುತ್ತೆ. ಎರಡೇ ತಿಂಗಳಿಗೆ ಪೈಪಿನ ಮೈ ಬೆವರಿದ ಹಾಗೆ ಜಿಡ್ಡು, ಅದರ ಮೇಲೆ ಧೂಳು ಕೂತು ಕರೀ ಮುದ್ದೆ. ಪಕ್ಕದಲ್ಲೇ ಕೆಂಡದಂಥ ಎಕ್ಸಾಸ್ಟ್ ಇರುವಾಗ ಆ ಜಿಡ್ಡು ನೋಡಿ ನನಗೆ ನಿಜಕ್ಕೂ ಹೆದರಿಕೆ ಆಯಿತು.

ಕೊನೆಗೆ ನಮ್ಮ ಮೇಸ್ತ್ರಿ ಒಳಪದರ ಎಫ್‌ಕೆಎಂ, ಹೊರಗೆ ಸಿಲಿಕೋನ್ ಇರೋ ಪೈಪು ತರಿಸಿದರು. ಎಫ್‌ಕೆಎಂ ಅಂದರೆ ಫ್ಲೋರಿನ್ ಸೇರಿದ ರಬ್ಬರ್. ವೈಟಾನ್ ಅನ್ನೋದು ಅದರದೇ ಒಂದು ಬ್ರ್ಯಾಂಡ್. 200 ಡಿಗ್ರಿ ಹತ್ತಿರದ ಶಾಖ, ಬಿಸಿ ಆಯಿಲ್ ಎರಡನ್ನೂ ತಾಳುತ್ತೆ. ಬೆಲೆ ಮಾಮೂಲಿಯ ನಾಲ್ಕು ಪಟ್ಟು. ಕೊಡುವಾಗ ಕೈ ಹಿಂದೆಗೆಯಿತು.

ಕೂರಿಸೋದು ಸ್ವಲ್ಪ ಕಷ್ಟ. ತುಂಬ ಬಿಗಿ, ತುದಿಗೆ ಆಯಿಲ್ ಸವರಿ ತಿರುಗಿಸಿ ತಿರುಗಿಸಿ ಹತ್ತಿಸಬೇಕಾಯಿತು. ಹಳೇ ಸ್ಕ್ರೂ ಕ್ಲಿಪ್ಪನ್ನೇ ಅತಿಯಾಗಿ ಬಿಗಿದಿದ್ದರಿಂದ ಆರು ತಿಂಗಳಿಗೆ ಒಂದು ತುದಿ ಕಚ್ಚಿ ಗಾಯವಾಗಿತ್ತು. ಅಷ್ಟು ಕತ್ತರಿಸಿ ಅಗಲ ಕ್ಲಿಪ್ ಹಾಕಿದೆವು. ಅಲ್ಲಿಂದ ಇಲ್ಲೀತನಕ ಮುಟ್ಟಿಲ್ಲ.

ಕೊಳ್ಳುವವರಿಗೆ ಒಂದು ಮಾತು: ಬಣ್ಣ ನೋಡಿ ನಂಬಬೇಡಿ, ಯಾವ ರಬ್ಬರಿಗೆ ಬೇಕಾದರೂ ಯಾವ ಬಣ್ಣ ಬೇಕಾದರೂ ಹಾಕಬಹುದು. ಒಳಪದರ ಯಾವುದು ಅಂತ ಕೇಳಿ, ಬಿಲ್ಲಲ್ಲಿ ಬರೆಸಿಕೊಳ್ಳಿ. ಎಫ್‌ಕೆಎಂ ಒಳ್ಳೇದು ಅಂತ ಬ್ರೇಕ್ ಆಯಿಲ್ ಲೈನಿಗೂ ಹಾಕಿಸಬೇಡಿ. ಅಲ್ಲಿಗೆ ಇಪಿಡಿಎಂ ರಬ್ಬರೇ ಸರಿ. ಅದೇ ಇಪಿಡಿಎಂ ಎಂಜಿನ್ ಆಯಿಲ್ ಸೋಕಿದರೆ ಉಬ್ಬಿ ಹಾಳಾಗುತ್ತೆ.

ಹೋದ ವಾರ ಸರ್ವೀಸಿಗೆ ಬಿಟ್ಟಾಗ ಪೈಪಿನ ಕೆಳಗೆ ಬಿಳಿ ಬಟ್ಟೆ ಒರೆಸಿ ನೋಡಿದೆ. ಬರೀ ಒಣ ಧೂಳು ಬಂತು.